ಮೂರು ಕೆಂಪು ಬಾವುಟ ಹೊತ್ತು ಬೇಲೂರಿಗೆ

ಅರಸೀಕೆರೆಯಲ್ಲಿ ರೈಲು ಇಳಿದಾಗ ಬೆಳಗಿನ ಹತ್ತು ಗಂಟೆ ದಾಟಿತ್ತು. ಮಾರ್ಚ್ ತಿಂಗಳ ಬಿಸಿಲು ಅಷ್ಟು ಹೊತ್ತಿಗೇ ಪ್ಲಾಟ್‌ಫಾರಂ ಮೇಲೆ ಕುಣಿಯುತ್ತಿತ್ತು. ಅದೇ ವಾರ ನಾನು ಹಿಮ ಬೀಳುವ ಊರಿನಲ್ಲಿದ್ದೆ. ಯುರೋಪಿನ ಆ ಊರಿನ ಹೆಸರು ಇವತ್ತಿಗೂ ನನ್ನ ನಾಲಿಗೆಯಲ್ಲಿ ಸರಿಯಾಗಿ ಹೊರಳುವುದಿಲ್ಲ. ಅಲ್ಲಿನ ಒಳಾಂಗಣ ಅಥ್ಲೆಟಿಕ್ಸ್ ಕೂಟದಲ್ಲಿ ಉದ್ದ ಜಿಗಿತಕ್ಕೆ ದೇಶದ ಪರವಾಗಿ ಹೋಗಿದ್ದವಳು ನಾನೊಬ್ಬಳೇ. ಹಿಂದಿರುಗುವಾಗ ಬೆಂಗಳೂರಿನ ಹಾಸ್ಟೆಲಿನಲ್ಲೇ ಬಾಗಿಲು ಹಾಕಿಕೊಂಡು ಬಿದ್ದಿರೋಣ ಅಂದುಕೊಂಡಿದ್ದೆ. ಆದರೆ ಭಾವ ಎಸ್‌ಟಿಡಿ ಬೂತಿನಿಂದ ಮೂರು ಸಲ ಫೋನ್ ಮಾಡಿ, ‘ಬರ್ಲೇಬೇಕು ಕಣವ್ವಾ’ ಅಂತ ಹೇಳಿದ್ದರಿಂದ ಬಂದಿದ್ದೆ. ಏಕೆ ಬರಬೇಕು ಎಂದು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಭಾವ, ಅಂದರೆ ನನ್ನ ಅಕ್ಕನ ಗಂಡ ರಂಗಪ್ಪ, ಗೇಟಿನ ಹತ್ತಿರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತಿದ್ದರು. ಅವ್ವ ಅಪ್ಪ ಬೇಗ ತೀರಿಕೊಂಡದ್ದರಿಂದ ನಾನು ಬೆಳೆದದ್ದು ಹಳೇಬೀಡಿನ ಹತ್ತಿರದ ಹುಲಿಕೆರೆಯಲ್ಲಿ, ಇವರ ಮನೆಯಲ್ಲಿ. ರಾಗಿ ಹೊಲ, ಒಂದಿಷ್ಟು ತೆಂಗು ಇರುವ ಮನೆ. ಹೆಣ್ಣುಹುಡುಗಿ ಚಡ್ಡಿ ಹಾಕಿಕೊಂಡು ಹಾರುತ್ತಾಳೆ ಎಂದು ಊರು ಆಡಿಕೊಂಡಾಗ, ‘ನಿಮ್ ಹೊಲಕ್ಕೇನು ಹಾರ್ಕೊಂಡು ಬಂದಿಲ್ವಲ್ಲ’ ಎಂದು ಊರಿನ ಬಾಯಿ ಮುಚ್ಚಿಸಿದ ಮನುಷ್ಯ.

“ಏನವ್ವ ಮಂಜಿ, ಇಷ್ಟು ಸೊರಗಿದ್ದೀಯ? ಅಲ್ಲಿ ಊಟ ಗೀಟ ಹಾಕ್ತಿರ್ಲಿಲ್ವಾ?”

“ಹಾಕ್ತಿದ್ರು ಭಾವ. ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ.”

“ಅದ್ಕೇ ಮತ್ತೆ. ಬಾ, ಮೊದ್ಲು ಇಡ್ಲಿ ತಿನ್ನು.”

ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಕೂತೆವು. ತಟ್ಟೆ ಇಡ್ಲಿ, ಕೆಂಪು ಚಟ್ನಿ. ವಾರದ ಮೇಲೆ ನಾಲಿಗೆಗೆ ಖಾರ ತಾಗಿ ಕಣ್ಣಲ್ಲಿ ನೀರು ಬಂತು. ಭಾವ ಅದನ್ನು ಸಂತೋಷ ಅಂದುಕೊಂಡರು. ಆಮೇಲೆ ಮೇಜಿನ ಮೇಲೆ ಬಾಗಿ, ಗುಟ್ಟು ಒಡೆಯುವವರ ಹಾಗೆ ಹೇಳಿದರು: “ಬೇಲೂರಲ್ಲಿ ನಾಕ್ ಗಂಟೆಗೆ ನಿಂಗೆ ಸನ್ಮಾನ ಮಡಗವ್ರೆ. ಬ್ಯಾನರ್ ಕಟ್ಟವ್ರೆ. ನಿನ್ ಆ ಕೋಟು ಎಲ್ಲೈತೆ, ಇಂಡಿಯಾ ಅಂತ ಬರ್ದಿರೋದು? ಹಾಕ್ಕೊ.”

ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ತಂಡದ ಆ ನೀಲಿ ಮೇಲಂಗಿಯನ್ನು ನಾನು ಬ್ಯಾಗಿನ ತಳದಲ್ಲಿ, ಒದ್ದೆ ಟವೆಲ್ಲಿನ ಕೆಳಗೆ ತುರುಕಿದ್ದೆ.

“ಭಾವ, ನಾನು ಗೆದ್ದಿಲ್ಲ.”

“ಗೆಲ್ಲೋದು ಸೋಲೋದು ಇದ್ದಿದ್ದೇ. ಎಷ್ಟನೇ ನಂಬ್ರು ಬಂದೆ?”

“ಸರಿಯಾಗಿ ಗೊತ್ತಿಲ್ಲ,” ಅಂದೆ.

ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ನನಗೆ ನಂಬರೇ ಇರಲಿಲ್ಲ. ಮೂರು ಅವಕಾಶಗಳಲ್ಲಿ ಮೂರೂ ಫೌಲ್ ಆದವಳ ಹೆಸರಿನ ಮುಂದೆ ದೂರ ಬರೆಯುವುದಿಲ್ಲ. ಕೊನೆಯವಳು ಅನ್ನಿಸಿಕೊಳ್ಳಬೇಕಾದರೂ ಒಂದು ಅಳತೆ ಬೇಕು. ಇದನ್ನು ಭಾವನಿಗೆ ಹೇಗೆ ಹೇಳುವುದೆಂದು ತಿಳಿಯದೆ ಬ್ಯಾಗಿನಿಂದ ಮೇಲಂಗಿ ತೆಗೆದು, ಆ ಬಿಸಿಲಲ್ಲಿ ತೊಟ್ಟುಕೊಂಡೆ.

ಜಾವಗಲ್ ಮೇಲೆ ಬೇಲೂರಿಗೆ ಹೋಗುವ ಕೆಂಪು ಬಸ್ಸು ತುಂಬಿತ್ತು. ಭಾವ ಕಂಡಕ್ಟರಿಗೆ ನಾನು ಯಾರೆಂದು ಹೇಳಿಯೇಬಿಟ್ಟರು. ಆತ ಖುಷಿಯಿಂದ, “ಅಯ್ಯೋ, ಫಾರಿನ್‌ಗೆ ಹೋಗ್ಬಂದೋರು ನಿಂತ್ಕಳೋದಾ? ಏಯ್ ಅಜ್ಜಿ, ಎದ್ದೇಳವ್ವ, ಇಂಡಿಯಾದೋರು ಬಂದವ್ರೆ,” ಎಂದು ಮುಂದಿನ ಸೀಟಿನಲ್ಲಿದ್ದ ಮುದುಕಿಯನ್ನು ಎಬ್ಬಿಸಿದ. ಬೇಡ ಬೇಡ ಅಂದೆ. ಆದರೆ ಮುದುಕಿ ಎದ್ದೂ ಆಗಿತ್ತು, ಹಿಂದಿನಿಂದ ಜನ ತಳ್ಳುತ್ತಿದ್ದರು, ನಾನು ಕೂತೆ. ಆಕೆ ತನ್ನ ಕೊಬ್ಬರಿ ಚೀಲ ಕಾಲ ಸಂದಿಯಲ್ಲಿ ಇಟ್ಟುಕೊಂಡು, ಕಂಬಿ ಹಿಡಿದು ಜಾವಗಲ್‌ವರೆಗೆ ನಿಂತೇ ಬಂದಳು. ನನ್ನ ಬೆನ್ನ ಮೇಲಿನ ಅಕ್ಷರಗಳನ್ನು ನೋಡಿ, “ಏನ್ ಬರ್ದೈತವ್ವ?” ಎಂದು ಕೇಳಿದಳು. “ದೇಶದ ಹೆಸರು,” ಅಂದೆ. “ಚೆನ್ನಾಗೈತೆ,” ಅಂದಳು. ಎದ್ದು ನಿಲ್ಲಲು ಎರಡು ಸಲ ನೋಡಿದೆ. ಎರಡು ಸಲವೂ ಆಕೆ ನನ್ನ ಹೆಗಲು ಒತ್ತಿ ಕೂರಿಸಿದಳು.

ಅರಸೀಕೆರೆಯ ಕರಿಬಂಡೆಯ ಗುಡ್ಡಗಳು ಹಿಂದೆ ಸರಿದು, ತೆಂಗಿನ ತೋಟಗಳು ಮುಗಿದು, ಕೊಯ್ಲಾದ ರಾಗಿ ಹೊಲಗಳು ಬಂದವು. ಕಿಟಕಿಯಿಂದ ಬರುವ ಗಾಳಿ ಒಲೆಯ ಮುಂದೆ ಕೂತ ಹಾಗಿತ್ತು. ಕಣ್ಣು ಮುಚ್ಚಿದರೆ ಆ ಊರಿನ ಕ್ರೀಡಾಂಗಣ ಎದುರಿಗೆ ಬರುತ್ತಿತ್ತು.

ಹೊರಗೆ ಹಿಮ, ಒಳಗೆ ಸೆಖೆ. ಒಂದು ದೊಡ್ಡ ಸೂರಿನ ಕೆಳಗೆ ಇಡೀ ಮೈದಾನ. ನನಗೆ ಅದು ಮೊದಲನೆಯ ಒಳಾಂಗಣ ಕೂಟ. ಓಡಿಬರುವ ದಾರಿಯನ್ನು ನೆಲದಿಂದ ಎತ್ತರಿಸಿ ಮರದ ಹಲಗೆಯ ಮೇಲೆ ರಬ್ಬರು ಹಾಸಿ ಮಾಡಿದ್ದರು. ಓಡಿದರೆ ಅದು ಡೊಳ್ಳಿನ ಹಾಗೆ ಸದ್ದು ಮಾಡುತ್ತಿತ್ತು, ಪಾದವನ್ನು ಮೇಲಕ್ಕೆ ಎಸೆಯುತ್ತಿತ್ತು. ಮಣ್ಣಿನ ಮೈದಾನದಲ್ಲಿ ಓಡಿ ಕಲಿತ ನನ್ನ ಹೆಜ್ಜೆ ಅಲ್ಲಿ ತಾನಾಗಿ ಉದ್ದವಾಯಿತು. ಮೊದಲ ಜಿಗಿತದಲ್ಲಿ ಹೆಬ್ಬೆರಳು ಜಿಗಿಯುವ ಹಲಗೆಯ ಗೆರೆ ದಾಟಿ ಮುಂದಿನ ಮೇಣದ ಪಟ್ಟಿಯ ಮೇಲೆ ಗುರುತು ಮೂಡಿಸಿತು. ಕೆಂಪು ಬಾವುಟ ಎತ್ತಿದರು, ಜಿಗಿತ ಲೆಕ್ಕಕ್ಕಿಲ್ಲ. ಎರಡನೆಯದರಲ್ಲಿ ಅರ್ಧ ಪಾದವೇ ಆಚೆ. ಮತ್ತೆ ಕೆಂಪು.

ನಮ್ಮ ಕೋಚ್ ಕಂಬಿಬೇಲಿಯ ಆಚೆಯಿಂದ ಕೂಗಿ ಹೇಳಿದರು: “ಮಂಜುಳಾ, ಓಟ ಶುರು ಮಾಡೋ ಗುರುತನ್ನ ಒಂದಡಿ ಹಿಂದಕ್ಕೆ ಇಡು. ಹಲಗೆ ಮುಟ್ಟದಿದ್ರೂ ಪರವಾಗಿಲ್ಲ. ಒಂದು ಅಳತೆ ಬರಲಿ ಸಾಕು.”

ಅವರ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಗುರುತಿನ ಹತ್ತಿರಕ್ಕೂ ಹೋದೆ. ಆಗ ಎದುರಿನ ದೀಪದ ಅಂಕಫಲಕದ ಮೇಲೆ ಉಳಿದವರ ಅಳತೆಗಳು ಮಿನುಗುತ್ತಿದ್ದವು. ಎಲ್ಲವೂ ಆರು ಮೀಟರಿನ ಮೇಲೆ. ಹಿಂದಿನಿಂದ ಹಾರಿದರೆ ನನಗೆ ಸಿಗುವುದು ಐದೂವರೆ. ಅದು ದೇಶದ ಹೆಸರಿನ ಮುಂದೆ, ಎಲ್ಲರಿಗಿಂತ ಕೆಳಗೆ, ಅಷ್ಟು ಜನರ ಎದುರು ಮಿನುಗುತ್ತದೆ. ನಾನು ಗುರುತನ್ನು ಸರಿಸದೆ, ಅದು ಇದ್ದಲ್ಲಿಂದಲೇ ಪೂರಾ ವೇಗದಲ್ಲಿ ಓಡಿದೆ. ಮರಳಿನಿಂದ ಎದ್ದು ತಿರುಗಿದಾಗ ಮೂರನೆಯ ಕೆಂಪು ಬಾವುಟ ಆಗಲೇ ಮೇಲಿತ್ತು. ಕೋಚ್ ನನ್ನನ್ನು ಬಯ್ಯಲಿಲ್ಲ. ವಿಮಾನದಲ್ಲಿ ಇಡೀ ದಾರಿ ಕಣ್ಣು ಮುಚ್ಚಿಕೊಂಡು ಕೂತಿದ್ದರು.

ಜಾವಗಲ್‌ನಲ್ಲಿ ಮುದುಕಿ ಚೀಲ ಇಳಿಸಿಕೊಂಡು ಹೋದಳು. ಹಳೇಬೀಡು ಹತ್ತಿರವಾದಂತೆ ನಾನು ಮತ್ತೆ ಮತ್ತೆ ಮುಖ ಒರೆಸಿಕೊಂಡೆ. ಭಾವ ಅದಕ್ಕೆ ಮೇಲಂಗಿಯ ಸೆಖೆ ಕಾರಣ ಅಂದುಕೊಂಡಿರಬೇಕು. ನನ್ನ ಭಯವೆಲ್ಲ ಅಲ್ಲಿನ ಶಾಲೆಯ ಮೈದಾನದ್ದು. ಅದರ ಮೂಲೆಯ ಮರಳು ಗುಂಡಿಯಲ್ಲಿ ನಾನೂ ಜಯಂತಿಯೂ ಒಟ್ಟಿಗೆ ಹಾರಲು ಕಲಿತವರು. ಜಯಂತಿ ಹಳೇಬೀಡಿನವಳು, ಅಂಚೆ ಕಚೇರಿಯ ಗುಮಾಸ್ತರ ಮಗಳು, ಬೌದ್ಧರ ಮನೆ. ಶಾಲೆಯ ದಿನಗಳಲ್ಲಿ ಅವಳೇ ನನಗಿಂತ ಮುಂದೆ ಹಾರುತ್ತಿದ್ದಳು. ರಾಜ್ಯಕ್ಕೆ ಎರಡು ಸಲ ಮೊದಲಿಗಳಾಗಿ ಬಂದಾಗಲೂ ಬೇಲೂರಿನಲ್ಲಿ ಯಾರೂ ಅವಳಿಗೆ ಬ್ಯಾನರ್ ಕಟ್ಟಿರಲಿಲ್ಲ. ಈ ಕೂಟದ ಆಯ್ಕೆಯಲ್ಲಿ ನಾನು ಅವಳಿಗಿಂತ ನಾಲ್ಕು ಬೆರಳು ಮುಂದೆ ಬಿದ್ದೆ. ಒಬ್ಬರಿಗಷ್ಟೇ ಜಾಗವಿತ್ತು. ಆ ದಿನ ಜಯಂತಿ ತನ್ನ ಹೊಸ ಮೊಳೆ ಶೂಗಳನ್ನು ನನ್ನ ಕೈಗಿಟ್ಟು, “ನಿನ್ನವು ಸವೆದಿವೆ, ಇವನ್ನೇ ಹಾಕ್ಕೊಂಡು ಹೋಗು,” ಅಂದಿದ್ದಳು. ಈಗ ಅವಳು ಅದೇ ಶಾಲೆಯಲ್ಲಿ ತಾತ್ಕಾಲಿಕ ದೈಹಿಕ ಶಿಕ್ಷಕಿ. ಬಸ್ಸು ಮೈದಾನದ ಪಕ್ಕದಲ್ಲಿ ಹಾದಾಗ ನಾನು ಇನ್ನೊಂದು ಕಡೆಯ ಕೆರೆ ನೋಡುತ್ತ ಕೂತೆ.

ಬೇಲೂರು ತಲುಪಿದಾಗ ಮಧ್ಯಾಹ್ನ. ದೇವಸ್ಥಾನದ ಬೀದಿಯಲ್ಲಿ ಪ್ರವಾಸಿಗರ ಬಸ್ಸುಗಳು, ಎಳನೀರಿನ ಗಾಡಿಗಳು. ಬಸ್ ನಿಲ್ದಾಣದ ಹತ್ತಿರ ನನ್ನ ಮುಖ ಗಾಳಿಯಲ್ಲಿ ಉಬ್ಬುತ್ತ ತಗ್ಗುತ್ತ ನೇತಾಡುತ್ತಿತ್ತು: ‘ಹೊಯ್ಸಳ ನಾಡಿನ ಹೆಮ್ಮೆಯ ಹುಲಿ ಕು. ಮಂಜುಳಾಗೆ ಸುಸ್ವಾಗತ’. ಗೆದ್ದಳು ಎಂದು ಎಲ್ಲಿಯೂ ಬರೆದಿರಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ. ಅವರೆಲ್ಲ ನನ್ನನ್ನು ನಂಬಿದ್ದರು, ಅಷ್ಟೇ.

ಬಯಲು ರಂಗಮಂದಿರದಲ್ಲಿ ಶಾಮಿಯಾನ ಹಾಕಿದ್ದರು. ಹತ್ತಿರದ ಹಳ್ಳಿಗಳಿಂದಲೂ ಜನ ಬಂದಿದ್ದರು, ಶಾಲಾ ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ಹುಲಿಕೆರೆಯಿಂದ ಅಕ್ಕ ರತ್ನ ರೇಷ್ಮೆ ಸೀರೆಯುಟ್ಟು ಮೊದಲ ಸಾಲಿನಲ್ಲಿದ್ದಳು. ಯುವಕ ಸಂಘದ ಅಧ್ಯಕ್ಷರು ಬಟ್ಟೆ ಅಂಗಡಿಯ ನಾಗರಾಜಣ್ಣ. ನನಗೆ ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಕಿನ ಮುಂದೆ ಹೇಳಿದರು: “ಸಳ ಹುಲಿ ಮೇಲೆ ಹಾರಿದ ಕಾಲಕ್ಕೆ ಫೋಟೋ ಇರಲಿಲ್ಲ. ಇವತ್ತು ನಮ್ಮ ಹುಲಿಕೆರೆಯ ಹುಡುಗಿ ಸಮುದ್ರವನ್ನೇ ಹಾರಿ ಹೋಗಿ ದೇಶದ ಬಾವುಟ ಹಾರಿಸಿ ಬಂದಿದ್ದಾಳೆ!”

ಚಪ್ಪಾಳೆ. ನನಗೆ ಕಂಡದ್ದು ಕೆಂಪು ಬಾವುಟ. ಪೇಟ ಹಣೆಯ ಮೇಲೆ ಜಾರುತ್ತಿತ್ತು. ‘ಎರಡು ಮಾತು’ ಎಂದು ಮೈಕು ನನ್ನ ಕೈಗೆ ಬಂತು. ಧನ್ಯವಾದ ಹೇಳಿ ಕೂರುವ ಮನಸ್ಸಿತ್ತು. ಅಷ್ಟರಲ್ಲಿ ಶಾಲಾ ಮಕ್ಕಳ ಸಾಲಿನ ಹಿಂದೆ, ಶಾಮಿಯಾನದ ಗೂಟಕ್ಕೆ ಒರಗಿ ನಿಂತಿದ್ದ ಜಯಂತಿ ಕಂಡಳು. ತನ್ನ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಬಂದಿದ್ದಳು. ಅವಳು ಚಪ್ಪಾಳೆ ತಟ್ಟುತ್ತಿರಲಿಲ್ಲ.

“ನಾನು ಯಾವ ಬಾವುಟಾನೂ ಹಾರಿಸಿಲ್ಲ,” ಅಂದೆ. ಮೈಕು ಒಮ್ಮೆ ಕಿರುಗುಟ್ಟಿತು. “ಮೂರು ಸಲ ಹಾರಿದೆ. ಮೂರು ಸಲಾನೂ ಗೆರೆ ತುಳಿದೆ. ಅಲ್ಲಿ ನನಗೆ ಸೊನ್ನೆ. ಕೊನೇ ಸ್ಥಾನಾನೂ ಸಿಗಲಿಲ್ಲ. ನೀವು ಇಷ್ಟೆಲ್ಲ ಮಾಡ್ತೀರಿ ಅಂತ ಗೊತ್ತಿದ್ದರೆ ಮೊದಲೇ ಹೇಳ್ತಿದ್ದೆ.”

ನಾಗರಾಜಣ್ಣ ಮೈಕಿನ ಮೇಲೆ ಕೈಯಿಟ್ಟು, “ಅದೆಲ್ಲ ಇಲ್ಲಿ ಯಾಕಮ್ಮ ಹೇಳ್ತೀಯ? ಜನಕ್ಕೇನು ಗೊತ್ತಾಗುತ್ತೆ?” ಎಂದು ಪಿಸುಗುಟ್ಟಿದರು. ಅದೂ ಮೈಕಿನಲ್ಲಿ ಕೇಳಿಸಿತು. ಯಾರೋ ನಕ್ಕರು. ಹಿಂದಿನ ಸಾಲಿನಿಂದ ಒಬ್ಬ, “ಹಂಗಾರೆ ಯಾತಕ್ಲಾ ಶಾಲು ಹೊದ್ಸಿದ್ದು?” ಅಂದ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭಾವ ತಮ್ಮ ಚಪ್ಪಲಿ ನೋಡುತ್ತ ಕೂತರು. ಅರಸೀಕೆರೆಯ ಹೋಟೆಲಿನಲ್ಲೇ ಆ ಮನುಷ್ಯನಿಗೆ ಹೇಳಬಹುದಾಗಿದ್ದ ಮಾತನ್ನು ನಾನು ಊರಿನ ಎದುರು ಹೇಳಿದ್ದೆ.

ಆಗ ಮುಂದಿನ ಸಾಲಿನ ಒಬ್ಬ ಹೆಂಗಸು ಎದ್ದು ನಿಂತು ಕೂಗಿ ಕೇಳಿದಳು: “ಬಿದ್ದೇನಾರ ಪೆಟ್ಟಾಯ್ತೇನವ್ವಾ?”

“ಇಲ್ಲಮ್ಮ.”

“ಹಂಗಾರೆ ಬುಡು. ಇನ್ನೊಂದ್ ದಪ ಹಾರೀಯಂತೆ.”

ಜನ ಮತ್ತೆ ಚಪ್ಪಾಳೆ ತಟ್ಟಿದರು, ಮೊದಲಿಗಿಂತ ಜೋರಾಗಿಯೇ. ನಾಗರಾಜಣ್ಣನ ಮುಖವೂ ಸಡಿಲವಾಗಿ, “ಸತ್ಯ ಹೇಳೋ ಧೈರ್ಯ ನೋಡ್ರಪ್ಪ!” ಎಂದು ಮತ್ತೊಂದು ಭಾಷಣ ಶುರು ಮಾಡಿದರು. ಸತ್ಯ ಹೇಳಿದ್ದಕ್ಕೆ ಚಪ್ಪಾಳೆ ಬಂದರೂ ಮನಸ್ಸು ಹಗುರಾಗಲಿಲ್ಲ. ನಾನು ಅರ್ಧವನ್ನಷ್ಟೇ ಹೇಳಿದ್ದೆ. ಕೋಚ್ ಕೂಗಿದ್ದನ್ನು ಹೇಳಿರಲಿಲ್ಲ.

ಸಂಜೆ ಟೆಂಪೋದಲ್ಲಿ ಹಿಂದಿರುಗುವಾಗ ಹಳೇಬೀಡಿನಲ್ಲಿ ಇಳಿದೆ. ಅಕ್ಕ, ಭಾವ ಹುಲಿಕೆರೆಗೆ ಮುಂದೆ ಹೋದರು. ಇನ್ನೂ ಬೆಳಕಿತ್ತು. ಜಯಂತಿಯ ಮನೆಯ ಹಜಾರದಲ್ಲಿ ಬುದ್ಧನ ಪಟ, ಅದರ ಕೆಳಗೆ ಅವಳ ಕಪ್ಪುಗಳ ಸಾಲು. ಅವಳ ತಾಯಿ ಟೀ ಕೊಟ್ಟು ಒಳಗೆ ಹೋದರು. ಶೂಗಳನ್ನು ಚೀಲದಿಂದ ತೆಗೆದು ನೆಲದ ಮೇಲಿಟ್ಟೆ. ಜಯಂತಿ ಅವನ್ನು ಮುಟ್ಟಲಿಲ್ಲ.

“ನಂಗೆ ಮೊದ್ಲೇ ಗೊತ್ತಿತ್ತು,” ಅಂದಳು. “ಹಾಸನಕ್ಕೆ ಹೋಗಿ ಬ್ರೌಸಿಂಗ್ ಸೆಂಟರಲ್ಲಿ ನೋಡ್ದೆ. ನಿನ್ನ ಹೆಸರಿನ ಮುಂದೆ ಫೌಲ್ ಅಂತ ಮೂರು ಇಂಟು ಗುರುತು. ಯಾರಿಗೂ ಹೇಳ್ಲಿಲ್ಲ.”

“ಆ ಮರದ ದಾರೀಲಿ ಹೆಜ್ಜೆ ಸಿಗಲಿಲ್ಲ ಕಣೇ.”

“ಮೊದಲನೇದಕ್ಕೆ ಸಿಗ್ಲಿಲ್ಲ, ಸರಿ. ಎರಡನೇದಕ್ಕೂ ಸಿಗ್ಲಿಲ್ಲ, ಸರಿ. ಮೂರನೇದಕ್ಕೆ ಹಿಂದಿನಿಂದ ಯಾಕೆ ಹಾರ್ಲಿಲ್ಲ? ಐದನೇ ಕ್ಲಾಸಿನ ಹುಡುಗೀರಿಗೆ ನಾನು ಅದನ್ನೇ ಹೇಳ್ಕೊಡ್ತೀನಿ.”

“ಮೂರನೇದು ತುಂಬಾ ದೂರ ಹೋಗಿತ್ತು, ಜಯಂತಿ. ನನ್ನ ಜೀವನದಲ್ಲೇ ಅಷ್ಟು...”

“ಗೆರೆ ದಾಟಿ ಹಾರಿದ್ರೆ ಎಲ್ಲರದ್ದೂ ದೂರಾನೇ ಹೋಗುತ್ತೆ.”

ಟೀ ಲೋಟ ಕೆಳಗಿಟ್ಟೆ. ಆಗ ಹೇಳಿದೆ. ಕೋಚ್ ಕೂಗಿದ್ದು ಕೇಳಿಸಿತ್ತೆಂದು, ಐದೂವರೆ ಮೀಟರಿನ ಜೊತೆ ನನ್ನ ಹೆಸರು ಕಾಣುವುದಕ್ಕಿಂತ ಏನೂ ಇಲ್ಲದಿರುವುದೇ ವಾಸಿ ಅನ್ನಿಸಿತೆಂದು. ಜಯಂತಿಯ ಕಣ್ಣು ತುಂಬಿಕೊಂಡಿತು.

“ಆ ಐದೂವರೆ ನಿನ್ನೊಬ್ಬಳದ್ದಾ? ನಾಲ್ಕು ಬೆರಳಿಗೆ ನಾನು ಇಲ್ಲುಳಿದೆ. ನಾನು ಹೋಗಿದ್ರೆ ಕೊನೇಲೇ ಬರ್ತಿದ್ದೆ. ಆದ್ರೆ ಇಷ್ಟು ಅಂತ ಬರೆಸಿ ಬರ್ತಿದ್ದೆ ಕಣೇ. ಕೊನೆಯವಳಾಗೋಕೆ ನಾಚ್ಕೊಂಡು ನನ್ನ ಜಾಗಾನ ಬಿಸಾಕಿ ಬಂದ್ಯಲ್ಲ.”

ಬೇಲೂರಿನಲ್ಲಿ ಸಾವಿರ ಜನರ ಮುಂದೆ ಆಗದಿದ್ದ ಅವಮಾನ ಆ ಪುಟ್ಟ ಹಜಾರದಲ್ಲಿ ಆಯಿತು. ಹೊರಡಲು ಎದ್ದಾಗ ಅವಳು, “ಬೆಳಿಗ್ಗೆ ಬೆಂಗಳೂರಿಗೆ ಹೊರಡೋಕೆ ಮುಂಚೆ ಮೈದಾನಕ್ಕೆ ಬಾ,” ಅಂದಳು.

ರಾತ್ರಿ ಹುಲಿಕೆರೆಯಲ್ಲಿ ಉಳಿದೆ; ಮಾರನೆಯ ದಿನ ಭಾವ ಸೈಕಲಿಗೆ ನನ್ನ ಬ್ಯಾಗು ಕಟ್ಟಿ, ತಳ್ಳಿಕೊಂಡು ನನ್ನ ಜೊತೆ ಹಳೇಬೀಡಿನವರೆಗೆ ಬಂದರು. ದಾರಿಯಲ್ಲಿ ಹುಲಿಕೆರೆಯ ಕೊಳದ ಮೆಟ್ಟಿಲುಗಳ ಹತ್ತಿರ ಸೈಕಲು ನಿಲ್ಲಿಸಿ, “ನಂಗೊಬ್ಬನಿಗೆ ಮೊದ್ಲೇ ಹೇಳ್ಬೋದಿತ್ತು ಮಂಜಿ,” ಅಂದರು. “ಹೂಂ ಭಾವ, ಹೇಳ್ಬೇಕಿತ್ತು,” ಅಂದೆ. ಅವರು ತಲೆಯಾಡಿಸಿ ಮತ್ತೆ ಸೈಕಲು ತಳ್ಳಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಮೈದಾನದಲ್ಲಿ ಏಳೆಂಟು ಹುಡುಗಿಯರು ಗುಂಡಿಯ ಮರಳು ಕೆದಕುತ್ತಿದ್ದರು. ಜಯಂತಿ ಅಳತೆಯ ಟೇಪು ಹಿಡಿದು ನಿಂತಿದ್ದಳು. “ಹಲಗೆಯಿಂದ ಒಂದಡಿ ಹಿಂದಿನಿಂದ ಹಾರು,” ಅಂದಳು. “ಇವರೆಲ್ಲ ನೋಡ್ಲಿ.”

ರೈಲಿನ, ಬಸ್ಸಿನ ದಣಿವು ಕಾಲಲ್ಲಿ ಗಂಟು ಕಟ್ಟಿತ್ತು. ಚೂಡಿದಾರವನ್ನು ಮೇಲೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಓಡಿದೆ. ಮಣ್ಣಿನ ನೆಲ ಎಂದಿನಂತೆ ಗಟ್ಟಿಯಾಗಿ ಪಾದ ಹಿಡಿಯಿತು. ಒಂದಡಿ ಹಿಂದಿನಿಂದಲೇ ಹಾರಿ ಮರಳಿಗೆ ಬಿದ್ದೆ. ಜಯಂತಿ ನಿಧಾನವಾಗಿ ಟೇಪು ಎಳೆದು, ಎರಡು ಸಲ ನೋಡಿ, ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿದಳು: “ಐದು ಮೀಟರ್ ಮೂವತ್ತು!”

ಎರಡು ಜಡೆ ಹಾಕಿದ್ದ ಒಬ್ಬ ಹುಡುಗಿ ನನ್ನನ್ನೂ ನನ್ನ ಬ್ಯಾಗಿನ ಮೇಲಿದ್ದ ನೀಲಿ ಮೇಲಂಗಿಯನ್ನೂ ನೋಡಿ, “ಅಷ್ಟೇನಾ ಮಿಸ್?” ಎಂದಳು.

“ಅಷ್ಟೇ,” ಅಂದೆ. ಕಿವಿಯವರೆಗೂ ಮುಖ ಬಿಸಿಯಾಯಿತು. ಆದರೂ ಮರಳು ಕೊಡವಿಕೊಂಡು ಅವಳ ಎದುರೇ ನಿಂತೆ.

ಬಾಣಾವರದ ಕಡೆ ಹೋಗುವ ಬಸ್ಸು ಬಂತು. ಅಲ್ಲಿಂದ ಬೆಂಗಳೂರಿಗೆ ರೈಲು. ಜಯಂತಿ ರಸ್ತೆಯವರೆಗೆ ಬಂದಳು. ಕಿಟಕಿಯಿಂದ ಕೇಳಿದೆ: “ಸಿಟ್ಟು ಹೋಯ್ತೇನೇ?”

“ಇಲ್ಲ,” ಅಂದಳು. “ಮುಂದಿನ ಆಯ್ಕೆಗೆ ನಾನೂ ಬರ್ತೀನಿ. ಅಲ್ಲಿ ನೋಡೋಣ.”

ಬಸ್ಸು ಹೊರಟಿತು. ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಅವಳು ಆಗಲೇ ಸೆರಗು ಸೊಂಟಕ್ಕೆ ಬಿಗಿದು, ಉದ್ದುದ್ದ ಹೆಜ್ಜೆ ಹಾಕುತ್ತ ಮೈದಾನದ ಕಡೆ ಹೊರಟಿದ್ದಳು.